ಸಿಡಿಮದ್ದಿಗೆ ಪರೀಕ್ಷೆ ಇಟ್ಟವರು: ಪಿಟ್ಸ್‌ಬರ್ಗ್‌ನ ಒಂದು ಪ್ರಕರಣ ಅಧ್ಯಯನ

ಇದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1908ರ ನಂತರದ ಕೆಲವು ವರ್ಷಗಳಲ್ಲಿ ನಡೆದ ಪ್ರಕರಣ. ಕಲ್ಲಿದ್ದಲು ಗಣಿಯಲ್ಲಿ ಬಳಸುವ ಸಿಡಿಮದ್ದುಗಳನ್ನು ಪರೀಕ್ಷಿಸಿ, ಇದು ಆಗಬಹುದು, ಇದು ಬೇಡ ಎಂದು ಹೇಳುವ ಕೆಲಸ ಅಲ್ಲಿನ ಸರ್ಕಾರದ ಒಂದು ಸಣ್ಣ ತಂಡಕ್ಕೆ ಬಿತ್ತು. ಆ ತಂಡದವರ, ಮದ್ದು ತಯಾರಿಸಿದ ಕಂಪನಿಗಳ, ಮದ್ದುಗಳ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ. ಊರು, ತಾರೀಖು, ಅಳತೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ. ಸುರಕ್ಷತೆಯ ಪರೀಕ್ಷೆ ರೂಪಿಸುವ ಯಾರಿಗೇ ಆದರೂ ಅವರು ತೆಗೆದುಕೊಂಡ ತೀರ್ಮಾನಗಳು ಇವತ್ತಿಗೂ ಉಪಯೋಗಕ್ಕೆ ಬರುತ್ತವೆ.

ಹಿನ್ನೆಲೆ

ಗಣಿ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕೋಲಾರದ ಚಿನ್ನದ ಗಣಿ. ಅಲ್ಲಿದ್ದದ್ದು ಗಟ್ಟಿ ಬಂಡೆ. ಆಳದಲ್ಲಿ ಬಂಡೆ ತಾನಾಗಿ ಸಿಡಿಯುವ ಭಯ ಇತ್ತು, ಮದ್ದಿನ ಹೊಗೆಯ ಕಾಟ ಇತ್ತು. ಕಲ್ಲಿದ್ದಲು ಗಣಿಯ ಭಯವೇ ಬೇರೆ. ಕಲ್ಲಿದ್ದಲಿನ ಪದರದಿಂದ ಮೀಥೇನ್ ಅನಿಲ ಸೋರುತ್ತಿರುತ್ತದೆ. ಗಾಳಿಯಲ್ಲಿ ಅದರ ಪಾಲು ಸುಮಾರು 5ರಿಂದ 15 ಶೇಕಡಾ ಇದ್ದರೆ ಒಂದು ಕಿಡಿ ಸಾಕು. ಅದರ ಜೊತೆಗೆ ಕಲ್ಲಿದ್ದಲಿನ ನುಣ್ಣನೆ ಧೂಳು. ನೆಲದ ಮೇಲೆ, ಗೋಡೆಯ ಮೇಲೆ, ಮರದ ಆಸರೆಗಳ ಮೇಲೆ ಅದು ಕೂತಿರುತ್ತದೆ. ಎಲ್ಲೋ ಒಂದು ಕಡೆ ಸಣ್ಣ ಸ್ಫೋಟವಾದರೆ ಅದರ ಗಾಳಿಯ ಹೊಡೆತಕ್ಕೆ ಧೂಳು ಏಳುತ್ತದೆ. ಹಿಂದೆಯೇ ಬರುವ ಬೆಂಕಿ ಆ ಧೂಳಿಗೆ ಹತ್ತಿಕೊಳ್ಳುತ್ತದೆ. ಆಮೇಲೆ ಬೆಂಕಿ ತನ್ನ ದಾರಿಯನ್ನು ತಾನೇ ಮಾಡಿಕೊಂಡು ಸುರಂಗದಿಂದ ಸುರಂಗಕ್ಕೆ ಹೋಗುತ್ತದೆ.

1906ರ ಮಾರ್ಚ್ 10ರಂದು ಫ್ರಾನ್ಸಿನ ಕೂರಿಯೇರ್‌ನಲ್ಲಿ ಹೀಗೆ 1,099 ಜನ ಸತ್ತರು. ಮರುವರ್ಷ ಅಮೆರಿಕದ ಸರದಿ. 1907ರಲ್ಲಿ ಅಲ್ಲಿನ ಕಲ್ಲಿದ್ದಲು ಗಣಿಗಳಲ್ಲಿ 3,242 ಜನ ಪ್ರಾಣ ಕಳೆದುಕೊಂಡರು. ಡಿಸೆಂಬರ್ 6ರಂದು ವೆಸ್ಟ್ ವರ್ಜೀನಿಯಾದ ಮೊನೊಂಗಾದಲ್ಲಿ 362 ಜನ. ಅದೇ ತಿಂಗಳ 19ರಂದು ಪೆನ್ಸಿಲ್ವೇನಿಯಾದ ಡಾರ್ ಗಣಿಯಲ್ಲಿ 239 ಜನ. ಸತ್ತವರಲ್ಲಿ ತುಂಬಾ ಜನ ಯುರೋಪಿನಿಂದ ಬಂದ ವಲಸೆ ಕೂಲಿಕಾರರು. ಮೊನೊಂಗಾದ ಸ್ಫೋಟ ಎಲ್ಲಿಂದ ಶುರುವಾಯಿತು ಎಂಬ ಬಗ್ಗೆ ಆಗಲೇ ಬೇರೆ ಬೇರೆ ವಾದಗಳಿದ್ದವು. ಆದರೆ ಅಂಥ ಗಣಿಗಳಲ್ಲಿ ದಿನಾ ಬೆಂಕಿ ಹಚ್ಚುವ ಕೆಲಸ ಒಂದಿತ್ತು. ಅದು ಮದ್ದು ಸಿಡಿಸುವುದು. ತನಿಖೆಯ ಕಣ್ಣು ಸಹಜವಾಗಿ ಅದರ ಕಡೆಗೆ ಹೋಯಿತು.

ಆಗ ಹೆಚ್ಚು ಬಳಕೆಯಲ್ಲಿದ್ದದ್ದು ಕರಿಮದ್ದು. ಅಗ್ಗ, ಎಲ್ಲರಿಗೂ ರೂಢಿ. ಕೂಲಿಕಾರರೇ ತಮ್ಮ ದುಡ್ಡಿನಲ್ಲಿ ಕೊಂಡು, ತಾವೇ ತೂತು ಕೊರೆದು, ತಾವೇ ಮದ್ದು ತುಂಬಿ, ತಾವೇ ಬತ್ತಿ ಹಚ್ಚುತ್ತಿದ್ದರು. ಟೋಪಿಗೆ ಸಿಕ್ಕಿಸಿದ ಬಿಚ್ಚು ದೀಪದ ಬೆಳಕಿನಲ್ಲಿ ಇದೆಲ್ಲಾ ನಡೆಯುತ್ತಿತ್ತು. ಕರಿಮದ್ದು ಡೈನಮೈಟಿನ ಹಾಗೆ ಸಿಡಿಯುವುದಿಲ್ಲ, ಉರಿಯುತ್ತದೆ. ಅದರ ಜ್ವಾಲೆ ಉದ್ದ, ಮತ್ತು ಎಷ್ಟೋ ಜಾಸ್ತಿ ಹೊತ್ತು ನಿಲ್ಲುತ್ತದೆ.

ಜ್ವಾಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಇಲ್ಲಿ ಪ್ರಾಣದ ಪ್ರಶ್ನೆ. ಇದನ್ನು ಮೊದಲು ತೋರಿಸಿದವರು ಫ್ರಾನ್ಸಿನ ವಿಜ್ಞಾನಿಗಳಾದ ಮಲಾರ್ ಮತ್ತು ಲ ಶಾತೆಲ್ಯೇ, 1880ರ ದಶಕದಲ್ಲಿ. ಮೀಥೇನ್ ಬಿಸಿ ತಾಗಿದ ತಕ್ಷಣ ಹೊತ್ತಿಕೊಳ್ಳುವುದಿಲ್ಲ, ಸ್ವಲ್ಪ ತಡ ಮಾಡುತ್ತದೆ ಎಂದು ಅವರು ಕಂಡುಕೊಂಡರು. ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ತಡ 10 ಸೆಕೆಂಡಿನಷ್ಟು. 1,000 ಡಿಗ್ರಿಯಲ್ಲಿ ಒಂದು ಸೆಕೆಂಡಿನಷ್ಟು. ದೀಪದ ಉರಿಯ ಮೇಲೆ ಬೆರಳನ್ನು ಸರ್ರನೆ ಆಡಿಸಿದರೆ ಸುಡುವುದಿಲ್ಲ ಅಲ್ವಾ, ಹಾಗೆ. ಜ್ವಾಲೆ ತುಂಬಾ ಬಿಸಿಯಾಗಿದ್ದರೂ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಆರಿಹೋದರೆ ಅನಿಲ ಹೊತ್ತಿಕೊಳ್ಳದೆ ಉಳಿಯಬಹುದು. ಕಲ್ಲಿದ್ದಲು ಗಣಿಗೆಂದು ಪ್ರತ್ಯೇಕ ಮದ್ದು ಮಾಡಬಹುದು ಎಂಬ ಯೋಚನೆ ನಿಂತಿರುವುದೇ ಈ ಸಣ್ಣ ತಡದ ಮೇಲೆ.

ಯಾವ ದಾರಿ ಹಿಡಿಯುವುದು?

ಯುರೋಪಿನಲ್ಲಿ ಆಗಲೇ ಎರಡು ದಾರಿಗಳಿದ್ದವು. ಫ್ರಾನ್ಸ್ ಲೆಕ್ಕದ ದಾರಿ ಹಿಡಿದಿತ್ತು. ಮದ್ದಿನಲ್ಲಿ ಏನೇನಿದೆ ಎಂಬುದರ ಮೇಲೆ ಅದು ಸಿಡಿದಾಗಿನ ಬಿಸಿಯನ್ನು ಲೆಕ್ಕ ಹಾಕುವುದು. ಕಲ್ಲಿದ್ದಲಿನ ಪದರದಲ್ಲಿ ಬಳಸುವುದಾದರೆ 1,500 ಡಿಗ್ರಿ, ಬಂಡೆಯಲ್ಲಾದರೆ 1,900 ಡಿಗ್ರಿ ಮೀರಬಾರದು. ಜರ್ಮನಿ, ಬೆಲ್ಜಿಯಂ, ಇಂಗ್ಲೆಂಡ್ ಸುರಂಗದ ದಾರಿ ಹಿಡಿದಿದ್ದವು. ಗಣಿಯ ಹಾಗೆ ಒಂದು ಸುರಂಗ ಕಟ್ಟಿ, ಅನಿಲ ತುಂಬಿಸಿ, ಅದರೊಳಕ್ಕೆ ಮದ್ದು ಹಾರಿಸಿ ನೋಡುವುದು. ಇಂಗ್ಲೆಂಡಿನ ವುಲಿಚ್‌ನಲ್ಲಿ 1897ರಿಂದ ಇಂಥ ಪರೀಕ್ಷೆ ನಡೆಯುತ್ತಿತ್ತು.

1908ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತು ಗಣಿ ಸ್ಫೋಟಗಳ ತನಿಖೆಗೆ ಹಣ ಕೊಟ್ಟಿತು. ಕೆಲಸ ಬಂದದ್ದು ಭೂವಿಜ್ಞಾನ ಇಲಾಖೆಗೆ. ಆ ವರ್ಷ ಬೆಲ್ಜಿಯಂ, ಜರ್ಮನಿ, ಇಂಗ್ಲೆಂಡ್‌ನಿಂದ ಒಬ್ಬೊಬ್ಬ ತಜ್ಞರನ್ನು ಕರೆಸಿದರು. ಅವರು ಗಣಿಗಳನ್ನು ನೋಡಿ ತಮ್ಮ ಸಲಹೆ ಬರೆದುಕೊಟ್ಟರು. ಡಿಸೆಂಬರ್ 3ಕ್ಕೆ ಪಿಟ್ಸ್‌ಬರ್ಗ್‌ನ ಹಳೆಯ ಸೇನಾ ಶಸ್ತ್ರಾಗಾರದ ಜಾಗದಲ್ಲಿ ಪರೀಕ್ಷಾ ಕೇಂದ್ರ ತೆರೆಯಿತು.

ತಂಡ ಸುರಂಗದ ದಾರಿಯನ್ನೇ ಆರಿಸಿಕೊಂಡಿತು. ನನ್ನ ಪ್ರಕಾರ ಅದು ಸರಿಯಾದ ಆಯ್ಕೆ. ಲೆಕ್ಕದ ದಾರಿ ಅಚ್ಚುಕಟ್ಟು, ಆದರೆ ಅದು ಮದ್ದನ್ನು ಮಾತ್ರ ನೋಡುತ್ತದೆ. ಎಷ್ಟು ಮದ್ದು, ತೂತಿನ ಬಾಯಿಗೆ ಮಣ್ಣು ತುಂಬಿದೆಯೋ ಇಲ್ಲವೋ, ಎದುರಿಗೆ ಧೂಳು ಇದೆಯೋ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಸಾವಿಗೆ ಕಾರಣ ಆಗುತ್ತಿದ್ದದ್ದು ಅವೇ.

ಸುರಂಗ ಎಂದರೆ ಉಕ್ಕಿನ ತಗಡಿನಿಂದ ಮಾಡಿದ ಒಂದು ದೊಡ್ಡ ಕೊಳವೆ. ಉದ್ದ 100 ಅಡಿ, ಒಳಗಿನ ಅಗಲ 6 ಅಡಿಗಿಂತ ಸ್ವಲ್ಪ ಜಾಸ್ತಿ. ಒಂದು ತುದಿ ಕಾಂಕ್ರೀಟಿನಿಂದ ಮುಚ್ಚಿತ್ತು. ಅಲ್ಲಿಂದ ಒಂದು ಉಕ್ಕಿನ ತೋಪಿನ ಬಾಯಿ ಒಳಕ್ಕೆ ನೋಡುತ್ತಿತ್ತು. ಆ ತೋಪಿನ ತೂತೇ ಗಣಿಯ ಗೋಡೆಯಲ್ಲಿ ಕೊರೆದ ತೂತಿನ ಬದಲು. ಮೊದಲ 20 ಅಡಿಯನ್ನು ಕಾಗದದ ಪರದೆಯಿಂದ ಬೇರ್ಪಡಿಸಿ ಅಲ್ಲಿಗೆ ಅನಿಲ ಬಿಟ್ಟು, ಗಾಳಿಯ ಜೊತೆ ಕಲೆಸುತ್ತಿದ್ದರು. ಪಿಟ್ಸ್‌ಬರ್ಗ್‌ನಲ್ಲಿ ಸಿಗುತ್ತಿದ್ದ ನೈಸರ್ಗಿಕ ಅನಿಲವನ್ನೇ ಇದಕ್ಕೆ ಬಳಸಿದರು. ಕೊಳವೆಯ ಪಕ್ಕದಲ್ಲಿ ಸಾಲಾಗಿ ದಪ್ಪ ಗಾಜಿನ ಕಿಂಡಿಗಳು. ದೂರದ ಒಂದು ಭದ್ರ ಕೋಣೆಯಿಂದ ನೋಡುವವರು ಆ ಕಿಂಡಿಗಳಲ್ಲಿ ಬೆಂಕಿ ಕಾಣಿಸಿತೇ, ಎಲ್ಲಿಯವರೆಗೆ ಬಂತು ಎಂದು ಬರೆದುಕೊಳ್ಳುತ್ತಿದ್ದರು.

ಮೊದಲ ದೊಡ್ಡ ತೀರ್ಮಾನ: ತೂಕಕ್ಕೆ ತೂಕ ಅಲ್ಲ

ಸುರಂಗ ಸಿದ್ಧವಾಯಿತು. ಈಗ ಪ್ರಶ್ನೆ: ಪ್ರತಿ ಮದ್ದನ್ನೂ ಎಷ್ಟೆಷ್ಟು ತೆಗೆದುಕೊಳ್ಳಬೇಕು?

ಎಲ್ಲವನ್ನೂ ಸಮ ತೂಕದಲ್ಲಿ ಹಾರಿಸಿ ನೋಡುವುದು ಮೇಲ್ನೋಟಕ್ಕೆ ನ್ಯಾಯವಾಗಿ ಕಾಣುತ್ತದೆ. ಅದರಲ್ಲಿ ಒಂದು ಮೋಸ ಅಡಗಿದೆ. ಒಬ್ಬ ತಯಾರಕ ತನ್ನ ಮದ್ದಿನ ಶಕ್ತಿ ತಗ್ಗಿಸಿದ ಎಂದುಕೊಳ್ಳಿ. ಅದು ಸುರಂಗದಲ್ಲಿ ಸುಲಭವಾಗಿ ಪಾಸಾಗುತ್ತದೆ. ಆದರೆ ಗಣಿಯಲ್ಲಿ ಅದು ಕಲ್ಲಿದ್ದಲನ್ನು ಒಡೆಯುವುದಿಲ್ಲ. ಕೂಲಿಕಾರ ಏನು ಮಾಡುತ್ತಾನೆ? ಎರಡರಷ್ಟು ತುಂಬುತ್ತಾನೆ. ಪರೀಕ್ಷೆಯಲ್ಲಿ ಸುರಕ್ಷಿತ ಎನಿಸಿಕೊಂಡದ್ದು ಅಲ್ಲಿ ಇನ್ನೊಂದೇ ವಸ್ತುವಾಗುತ್ತದೆ.

ಹಾಗಾಗಿ ತಂಡ ಮೊದಲು ಕೆಲಸದ ಶಕ್ತಿಯನ್ನು ಅಳೆಯಿತು, ಆಮೇಲೆ ಸುರಕ್ಷತೆಯನ್ನು. ಅಳೆಯಲು ಬಳಸಿದ್ದು ಒಂದು ಭಾರಿ ಲೋಲಕ. ಸೇನೆಯ ಹಳೆಯ 12 ಇಂಚಿನ ಮಾರ್ಟರ್ ತೋಪೊಂದನ್ನು ಉಕ್ಕಿನ ಸರಳುಗಳಿಂದ ನೇತುಹಾಕಿದ್ದರು. ಅದರ ತೂಕ 31,600 ಪೌಂಡ್, ಅಂದರೆ 14 ಟನ್ನಿಗೂ ಜಾಸ್ತಿ. ಅದರ ಬಾಯಿಗೆ ಎದುರಾಗಿ ಇನ್ನೊಂದು ಸಣ್ಣ ತೋಪನ್ನು ಹಳಿಯ ಮೇಲೆ ತಂದು ನಿಲ್ಲಿಸಿ ಮದ್ದು ಹಾರಿಸಿದರೆ, ಹೊಡೆತಕ್ಕೆ ಲೋಲಕ ಹಿಂದಕ್ಕೆ ತೂಗುತ್ತದೆ. ಎಷ್ಟು ದೂರ ತೂಗಿತು ಎಂಬುದೇ ಮದ್ದಿನ ಶಕ್ತಿಯ ಅಳತೆ.

ಅಳತೆಗೋಲಾಗಿ ಅರ್ಧ ಪೌಂಡ್, ಅಂದರೆ 227 ಗ್ರಾಂ, 40 ಶೇಕಡಾ ನೈಟ್ರೋಗ್ಲಿಸರಿನ್ ಇರುವ ಡೈನಮೈಟನ್ನು ಇಟ್ಟುಕೊಂಡರು. ಅದು ಲೋಲಕವನ್ನು ಎಷ್ಟು ತೂಗಿಸುತ್ತದೋ ಅಷ್ಟೇ ತೂಗಿಸಲು ಹೊಸ ಮದ್ದು ಎಷ್ಟು ಬೇಕು ಎಂದು ಮೊದಲು ಕಂಡುಹಿಡಿಯಬೇಕು. ಸುರಂಗದ ಪರೀಕ್ಷೆಗೆ ಆ ಪ್ರಮಾಣವನ್ನೇ ತುಂಬಬೇಕು. ದುರ್ಬಲ ಮದ್ದು ಜಾಸ್ತಿ ತುಂಬಬೇಕಾಗುತ್ತದೆ, ಬಲವಾದದ್ದು ಕಡಿಮೆ. ಸಮ ತೂಕದ ಬದಲು ಸಮ ಕೆಲಸ. ಈ ಪ್ರಕರಣದಲ್ಲಿ ನನಗೆ ತುಂಬಾ ಬೆಲೆಯುಳ್ಳದ್ದು ಎನಿಸುವ ತೀರ್ಮಾನ ಇದೇ. ಕೆಲಸದ ಶಕ್ತಿ ಬೇರೆ, ಸುರಕ್ಷತೆ ಬೇರೆ ಎಂದು ಎರಡು ಕಾಗದದಲ್ಲಿ ಬರೆಯುವ ಅಭ್ಯಾಸ ಎಲ್ಲಾ ಕಡೆ ಇದೆ. ಇವರು ಒಂದನ್ನು ಇನ್ನೊಂದರ ಒಳಗೆ ಇಟ್ಟರು.

ಲೋಲಕ ಒಂದೇ ಇರಲಿಲ್ಲ. ಸೀಸದ ದಿಮ್ಮಿಯೊಳಗೆ ಮದ್ದು ಸಿಡಿಸಿ ಅದು ಮಾಡಿದ ಗುಳಿಯ ಗಾತ್ರ ನೋಡುತ್ತಿದ್ದರು. ಮದ್ದು ಸಿಡಿಯುತ್ತಾ ಸಾಗುವ ವೇಗ, ಮುಚ್ಚಿದ ಪಾತ್ರೆಯಲ್ಲಿ ಅದರ ಒತ್ತಡ, ಅದು ಬಿಡುವ ಶಾಖ, ಭಾರ ಬಿದ್ದರೆ ಅಥವಾ ಉಜ್ಜಿದರೆ ಅದು ತಾನಾಗಿ ಸಿಡಿಯುತ್ತದೆಯೇ ಎಂಬುದು, ಇವೆಲ್ಲಕ್ಕೂ ಬೇರೆ ಬೇರೆ ಯಂತ್ರಗಳಿದ್ದವು. ಜ್ವಾಲೆಯ ಫೋಟೋ ತೆಗೆಯುವ ಏರ್ಪಾಡೂ ಇತ್ತು. ತಿರುಗುವ ಉರುಳೆಯ ಮೇಲೆ ಫಿಲ್ಮ್ ಸುತ್ತಿ, ಕತ್ತಲಲ್ಲಿ ಜ್ವಾಲೆಯ ಉದ್ದ ಮತ್ತು ಅದು ಉಳಿದ ಹೊತ್ತು ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುತ್ತಿದ್ದರು. ಕರಿಮದ್ದಿನ ಜ್ವಾಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಬಾಯಿಮಾತಿನಿಂದ ಒಪ್ಪದವರಿಗೂ ಆ ಚಿತ್ರ ತೋರಿಸಬಹುದಿತ್ತು.

ಎರಡನೆಯದು: ತಪ್ಪು ಮಾಡುವವರನ್ನು ಲೆಕ್ಕಕ್ಕೆ ಹಿಡಿಯುವುದು

1909ರ ಜನವರಿ 9ರಂದು ದೇಶದ ಮದ್ದು ತಯಾರಕರಿಗೆಲ್ಲಾ ಒಂದು ಪತ್ರ ಹೋಯಿತು. ಪರೀಕ್ಷೆ ಹೇಗೆ ನಡೆಯುತ್ತದೆ, ಪಾಸು ಎಂದರೇನು ಎಂಬುದೆಲ್ಲಾ ಅದರಲ್ಲಿ ಮೊದಲೇ ಇತ್ತು. ಪರೀಕ್ಷೆಯ ಹೊತ್ತಿಗೆ ಕೇಂದ್ರದ ಸಿಬ್ಬಂದಿ ಮತ್ತು ಆ ಮದ್ದಿನ ತಯಾರಕರ ಪ್ರತಿನಿಧಿ ಮಾತ್ರ ಇರಬಹುದಿತ್ತು. ಪಾಸಾದವುಗಳ ಪಟ್ಟಿ ರಾಜ್ಯಗಳ ಗಣಿ ಇನ್‌ಸ್ಪೆಕ್ಟರುಗಳಿಗೆ ಹೋಗಬೇಕಿತ್ತು. ಪ್ರತಿಸ್ಪರ್ಧಿಗಳು ಒಳಗೆ ಬರದ ಹಾಗೆ, ನಿಯಮಗಳು ಮಾತ್ರ ಎಲ್ಲರಿಗೂ ತಿಳಿದಿರುವ ಹಾಗೆ ಮಾಡಿದ ಈ ಏರ್ಪಾಡಿನಿಂದ ಆಮೇಲೆ ಜಗಳಕ್ಕೆ ಜಾಗ ಕಡಿಮೆಯಾಯಿತು.

ಪರೀಕ್ಷೆಗಳು ಮೂರು. ಸುರಂಗದ ಬಿಸಿ 77 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 25 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೊದಲನೆಯದರಲ್ಲಿ ಗಾಳಿಯಲ್ಲಿ 8 ಶೇಕಡಾ ಅನಿಲ. ಸಮಶಕ್ತಿಯ ಪ್ರಮಾಣ ತುಂಬಿ, ಬಾಯಿಗೆ ಒಂದು ಪೌಂಡ್ ಜೇಡಿಮಣ್ಣು ಗಿಡಿದು, 10 ಸಲ ಹಾರಿಸಬೇಕು. ಎರಡನೆಯದರಲ್ಲಿ ಅನಿಲ 4 ಶೇಕಡಾ, ಜೊತೆಗೆ 20 ಪೌಂಡ್ ಕಲ್ಲಿದ್ದಲು ಧೂಳು. ಧೂಳಿನ ಹೆಚ್ಚು ಪಾಲನ್ನು ಸುರಂಗದ ಹಲಗೆಗಳ ಮೇಲೆ ಹರಡಿ, ಸ್ವಲ್ಪವನ್ನು ಗಾಳಿಯಲ್ಲೇ ತೇಲುವ ಹಾಗೆ ಬಿಡುತ್ತಿದ್ದರು. ಮತ್ತೆ 10 ಸಲ. ಒಂದೇ ಒಂದು ಸಲ ಹೊತ್ತಿಕೊಂಡರೂ ಮದ್ದು ಫೇಲು.

ಮೂರನೆಯ ಪರೀಕ್ಷೆಯಲ್ಲಿ ಧೂಳು, ಅನಿಲ ಎರಡನೆಯದರ ಹಾಗೆಯೇ. ಆದರೆ ಮದ್ದು ಒಂದೂವರೆ ಪೌಂಡ್, ಬಾಯಿಗೆ ಮಣ್ಣು ಇಲ್ಲ. 5 ಸಲ ಹಾರಿಸಬೇಕು.

ಮಣ್ಣು ಇಲ್ಲದೆ ಹಾರಿಸುವುದು ಗಣಿಯಲ್ಲಿ ತಪ್ಪು. ಪುಸ್ತಕದ ಪ್ರಕಾರ ಯಾರೂ ಹಾಗೆ ಮಾಡಬಾರದು. ಆದರೂ ತಂಡ ಅದನ್ನೇ ಪರೀಕ್ಷೆಗೆ ಹಾಕಿತು. ಗಣಿಯಲ್ಲಿ ಜನರನ್ನು ಕೊಲ್ಲುತ್ತಿದ್ದದ್ದು ಸಾಮಾನ್ಯವಾಗಿ ಬಾಯಿಂದಲೇ ಹಾರಿಹೋಗುವ ಸಿಡಿತ. ತೂತಿನ ಮುಂದಿನ ಕಲ್ಲಿದ್ದಲು ತುಂಬಾ ಗಟ್ಟಿಯಾಗಿದ್ದು, ಅಥವಾ ಬಾಯಿಯ ಮಣ್ಣು ಸಡಿಲವಾಗಿದ್ದು, ಮದ್ದು ಕಲ್ಲಿದ್ದಲನ್ನು ಒಡೆಯದೆ ತೋಪಿನ ಹಾಗೆ ಬಾಯಿಂದ ಬೆಂಕಿ ಉಗುಳುತ್ತದೆ. ಆ ಬೆಂಕಿ ನೇರ ಸುರಂಗದೊಳಕ್ಕೆ. ಕತ್ತಲಲ್ಲಿ, ದಣಿದ ಮೈಯಲ್ಲಿ, ಪಾಳಿ ಮುಗಿಯುವ ಆತುರದಲ್ಲಿ ಮದ್ದು ತುಂಬುವವರು ಎಲ್ಲವನ್ನೂ ಸರಿಯಾಗಿ ಮಾಡುತ್ತಾರೆ ಎಂದುಕೊಂಡು ಪರೀಕ್ಷೆ ರೂಪಿಸಿದ್ದರೆ ಅದರಿಂದ ಯಾರಿಗೂ ಪ್ರಯೋಜನ ಇರುತ್ತಿರಲಿಲ್ಲ.

ಕರಿಮದ್ದು ಈ ಸುರಂಗದಲ್ಲಿ ನಿಲ್ಲಲು ಸಾಧ್ಯವೇ ಇರಲಿಲ್ಲ. ಹೆಚ್ಚು ಶಕ್ತಿಯ ಸಾಮಾನ್ಯ ಡೈನಮೈಟೂ ನಿಲ್ಲಲಿಲ್ಲ. 1909ರ ಮೇ 15ರಂದು ಮೊದಲ ಪಟ್ಟಿ ಹೊರಬಂತು. ಅದರಲ್ಲಿ 17 ಮದ್ದುಗಳಿದ್ದವು.

ಪಟ್ಟಿಯ ಜೊತೆ ಬಂದ ಷರತ್ತುಗಳು

ಆ ಪಟ್ಟಿಯಲ್ಲಿ ಹೆಸರುಗಳಿಗಿಂತ ಮುಖ್ಯವಾದದ್ದು ಅದರ ಮೇಲಿದ್ದ ನಾಲ್ಕು ಷರತ್ತು. ಮಾರಾಟಕ್ಕೆ ಬರುವ ಮದ್ದು ಪರೀಕ್ಷೆಗೆ ಕೊಟ್ಟ ಮಾದರಿಯ ಹಾಗೆಯೇ ಎಲ್ಲಾ ರೀತಿಯಲ್ಲೂ ಇರಬೇಕು. ಸಿಡಿಸಲು ಬಳಸುವ ಡಿಟೊನೇಟರ್ ಗೊತ್ತುಪಡಿಸಿದ್ದಕ್ಕಿಂತ ದುರ್ಬಲ ಇರಬಾರದು. ಚಳಿಗೆ ಹೆಪ್ಪುಗಟ್ಟಿದ್ದರೆ ಅದನ್ನು ಸುರಕ್ಷಿತವಾಗಿ ಪೂರ್ತಿ ಕರಗಿಸಿ ಬಳಸಬೇಕು. ಒಂದು ತೂತಿಗೆ ಒಂದೂವರೆ ಪೌಂಡ್ ಮೀರಬಾರದು, ಬಾಯಿಗೆ ಸರಿಯಾಗಿ ಮಣ್ಣು ತುಂಬಿರಬೇಕು. ಇದರಲ್ಲಿ ಒಂದು ತಪ್ಪಿದರೂ ಆ ಮದ್ದು ಪಟ್ಟಿಯಲ್ಲಿ ಇಲ್ಲ ಎಂದೇ ಅರ್ಥ.

ಅಂದರೆ ಅನುಮತಿ ಸಿಕ್ಕಿದ್ದು ಪೆಟ್ಟಿಗೆಯಲ್ಲಿರುವ ವಸ್ತುವಿಗೆ ಅಲ್ಲ, ಅದನ್ನು ಬಳಸುವ ಒಂದು ರೀತಿಗೆ. ಸುಮ್ನೆ ಸುರಕ್ಷಿತ ಮದ್ದು ಎಂದು ಕರೆಯಲು ತಂಡ ಒಪ್ಪಲಿಲ್ಲ. ಈ ಬಿಗಿ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಮಾರುವವರಿಗೆ ಪೆಟ್ಟಿಗೆಯ ಮೇಲೆ ಒಂದೇ ಪದ ಬೇಕು, ಕೊಳ್ಳುವವರಿಗೂ ಅಷ್ಟೇ.

ಗಣಿಯೊಳಗೆ ಏನಾಯಿತು

ಇಲ್ಲಿಂದ ಪ್ರಕರಣದ ದಿಕ್ಕು ಬದಲಾಗುತ್ತದೆ. ಸುರಂಗದಲ್ಲಿ ಸಿಗದ ತೊಂದರೆಗಳು ಗಣಿಯಲ್ಲಿ ಕಾದಿದ್ದವು.

ಮೊದಲನೆಯದು ಕೂಲಿಯ ಪ್ರಶ್ನೆ. ಹಲವು ಕಡೆ ಕೂಲಿಕಾರರಿಗೆ ಜರಡಿಯ ಮೇಲೆ ನಿಂತ ದೊಡ್ಡ ಗಡ್ಡೆಗಳಿಗೆ ಮಾತ್ರ ಕೂಲಿ. ಕೆಳಗೆ ಬಿದ್ದ ಪುಡಿಗೆ ದುಡ್ಡಿಲ್ಲ. ಕರಿಮದ್ದು ನಿಧಾನವಾಗಿ ತಳ್ಳುತ್ತದೆ, ಗಡ್ಡೆ ಗಡ್ಡೆಯಾಗಿ ಬೀಳಿಸುತ್ತದೆ. ಪಟ್ಟಿಯಲ್ಲಿದ್ದ ಹೊಸ ಮದ್ದುಗಳು ವೇಗದವು, ಸಿಡಿಯುವಂಥವು, ಕಲ್ಲಿದ್ದಲನ್ನು ಚೂರು ಮಾಡುತ್ತವೆ. ಕರಿಮದ್ದಿನ ಅಭ್ಯಾಸದಲ್ಲೇ ಇದನ್ನೂ ತುಂಬಿದರೆ ಕೂಲಿ ಪುಡಿಯಾಗಿ ಹೋಗುತ್ತದೆ. ಹೊಸ ಮದ್ದು ಬೇಡ ಎಂದವರನ್ನು ಹಠಮಾರಿಗಳು ಎಂದು ಕರೆಯುವುದು ಅನ್ಯಾಯ. ಪ್ರಾಣದ ಅಪಾಯ ಎಂದೋ ಬರಬಹುದು, ಬಾರದಿರಬಹುದು. ಕಡಿಮೆಯಾದ ಕೂಲಿ ಮಾತ್ರ ಪ್ರತಿ ಬಟವಾಡೆಯ ದಿನ ಕೈಗೆ ಬರುತ್ತದೆ.

ಪುಡಿಗೂ ಗಡ್ಡೆಗೂ ಒಂದೇ ಕೂಲಿ ಎಂದು ಮಾಡಿದ ಕಡೆ ಇನ್ನೊಂದು ತೊಂದರೆ ಬಂತು. ಗೋಡೆಯ ಬುಡವನ್ನು ಮೊದಲು ಕಡಿದು, ಕಲ್ಲಿದ್ದಲಿಗೆ ಬೀಳಲು ಜಾಗ ಮಾಡಿಕೊಟ್ಟು, ಆಮೇಲೆ ಸ್ವಲ್ಪ ಮದ್ದು ಹಾಕುವುದು ಸರಿಯಾದ ಪದ್ಧತಿ. ಅದು ಬೆನ್ನು ಮುರಿಯುವ ಕೆಲಸ. ಪುಡಿಗೂ ದುಡ್ಡು ಸಿಗುವಾಗ ಆ ಕಷ್ಟ ಯಾಕೆ? ಬುಡ ಕಡಿಯದೆ, ಇಡೀ ಗೋಡೆಗೆ ನೇರವಾಗಿ ಮದ್ದು ತುಂಬಿ ಸಿಡಿಸುವುದು ಹೆಚ್ಚಿತು. ಹಾಗೆ ಮಾಡಿದಾಗ ಮದ್ದು ಜಾಸ್ತಿ ಬೇಕು, ಬಾಯಿಂದ ಬೆಂಕಿ ಉಗುಳುವುದೂ ಜಾಸ್ತಿ.

ಎರಡೂ ರೀತಿಯ ಕೂಲಿಯಲ್ಲಿ ಅಪಾಯ ಇತ್ತು, ಬೇರೆ ಬೇರೆ ಬಾಗಿಲಿನಿಂದ. ಯಾವ ಸುರಂಗ ಕೊಳವೆಯೂ ಇದನ್ನು ಅಳೆಯುವುದಿಲ್ಲ. ತಂಡದವರು ಮಾಡಿದ್ದು ಏನೆಂದರೆ, ಗಣಿಗಳಿಗೇ ಹೋಗಿ ಹೊಸ ಮದ್ದನ್ನು ಬಳಸುವ ರೀತಿ ತೋರಿಸಿದ್ದು. ಕಡಿಮೆ ತುಂಬಿ, ತೂತುಗಳ ಜಾಗ ಬದಲಿಸಿ, ಬುಡ ಕಡಿಯಿರಿ. ವೇಗ ಕಡಿಮೆ ಇರುವ ಮದ್ದನ್ನು ಗಡ್ಡೆ ಬೇಕಾದ ಕಡೆ ಬಳಸಿ, ವೇಗದ್ದನ್ನು ಗಟ್ಟಿ ಪದರಕ್ಕೆ ಇಟ್ಟುಕೊಳ್ಳಿ ಎಂದು ಹೇಳಿಕೊಟ್ಟರು. ವೇಗ ಅಳೆಯುವ ಯಂತ್ರದ ಅಂಕಿಗಳು ಉಪಯೋಗಕ್ಕೆ ಬಂದದ್ದು ಇಲ್ಲಿ.

ಎರಡನೆಯ ತೊಂದರೆ ಮದ್ದಿನದ್ದೇ. ಪರೀಕ್ಷೆಗೆ ಬಂದ ಪೆಟ್ಟಿಗೆ ಹೊಸದು, ತಯಾರಕರು ಆರಿಸಿ ಕಳಿಸಿದ್ದು. ಗಣಿಯ ಪೆಟ್ಟಿಗೆ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತದ್ದು. ಕೆಲವು ಮದ್ದುಗಳು ತೇವ ಹೀರುತ್ತವೆ. ತೇವ ಹೀರಿದ ಮದ್ದು ಸಿಡಿಯದೆ ತೂತಿನೊಳಗೇ ಉರಿಯಬಹುದು. ಆಗ ಅದರ ಜ್ವಾಲೆ ಕರಿಮದ್ದಿನದ್ದಕ್ಕಿಂತ ಒಳ್ಳೆಯದೇನಲ್ಲ. ಒಂದೇ ತೂತಿನಲ್ಲಿ ಹೊಸ ಮದ್ದಿನ ಜೊತೆ ಕರಿಮದ್ದನ್ನೂ ಬೆರೆಸಿ ತುಂಬುವವರು ಇದ್ದರು. ಆಗ ಪರೀಕ್ಷೆಯ ಮಾತೇ ಇಲ್ಲ. ಹಾಗಾಗಿ ಗಣಿಗಳಲ್ಲಿದ್ದ ಮದ್ದಿನ ಮಾದರಿಗಳನ್ನೇ ತಂದು ಮತ್ತೆ ಪರೀಕ್ಷಿಸುವ ಪದ್ಧತಿ ಶುರುವಾಯಿತು. ಮೊದಲ ಮಾದರಿಗಿಂತ ಬೇರೆಯಾಗಿದ್ದ ಮದ್ದುಗಳು ಪಟ್ಟಿಯಿಂದ ಹೊರಬಿದ್ದವು.

ಮೂರನೆಯದು ನಂಬಿಕೆಯ ತೊಂದರೆ. ಅನಿಲ ಇಲ್ಲದೆ ಬರೀ ಧೂಳು ಸ್ಫೋಟಿಸುತ್ತದೆ ಎಂಬುದನ್ನು ತುಂಬಾ ಜನ ಗಣಿಯವರು ಒಪ್ಪಲಿಲ್ಲ. ಧೂಳಿನ ಪಾತ್ರದ ಬಗ್ಗೆ 1844ರಷ್ಟು ಹಿಂದೆಯೇ ಇಂಗ್ಲೆಂಡಿನ ಹ್ಯಾಸ್ವೆಲ್ ಗಣಿಯ ದುರಂತದ ತನಿಖೆ ಮಾಡಿದ ವಿಜ್ಞಾನಿಗಳಾದ ಫ್ಯಾರಡೆ ಮತ್ತು ಲಯಲ್ ಎಚ್ಚರಿಸಿದ್ದರು. ಆದರೂ ವಾದ ಮುಗಿದಿರಲಿಲ್ಲ. 100 ಅಡಿಯ ಕೊಳವೆಯಲ್ಲಿ ಆದದ್ದು ಗಣಿಯಲ್ಲಿ ಆಗುವುದಿಲ್ಲ ಎನ್ನುವವರಿಗೆ ಉತ್ತರ ಬೇಕಿತ್ತು. 1910ರಲ್ಲಿ ಅಮೆರಿಕ ಗಣಿ ಬ್ಯೂರೋ ಎಂಬ ಪ್ರತ್ಯೇಕ ಇಲಾಖೆ ಸ್ಥಾಪಿಸಿತು. ಆ ಇಲಾಖೆ ಪಿಟ್ಸ್‌ಬರ್ಗ್‌ಗೆ ಹತ್ತಿರದ ಬ್ರೂಸ್ಟನ್‌ನಲ್ಲಿ ನಿಜವಾದ ಕಲ್ಲಿದ್ದಲು ಪದರದೊಳಗೆ ಪ್ರಯೋಗಕ್ಕೆಂದೇ ಒಂದು ಗಣಿ ತೋಡಿತು. 1911ರ ಅಕ್ಟೋಬರ್‌ನಲ್ಲಿ, ಜನ ನೋಡುತ್ತಿದ್ದ ಹಾಗೆ, ಅಲ್ಲಿ ಧೂಳು ಹರಡಿ ಮದ್ದು ಹಾರಿಸಿದರು. ಬೆಂಕಿ ಗಣಿಯ ಬಾಯಿಂದ ಹೊರಕ್ಕೆ ನುಗ್ಗಿತು. ವರದಿಗಳಿಂದ ಒಪ್ಪದವರಲ್ಲಿ ಎಷ್ಟೋ ಜನ ಅದನ್ನು ಕಣ್ಣಾರೆ ಕಂಡು ಒಪ್ಪಿದರು.

ಫಲ ಏನು

ಪಟ್ಟಿಯ ಮದ್ದುಗಳ ಬಳಕೆ ಆಮೇಲಿನ ವರ್ಷಗಳಲ್ಲಿ ಹೆಚ್ಚಿತು. ಆದರೆ ಸ್ಫೋಟಗಳು ನಿಲ್ಲಲಿಲ್ಲ. 1913ರ ಅಕ್ಟೋಬರ್ 22ರಂದು ನ್ಯೂ ಮೆಕ್ಸಿಕೋದ ಡಾಸನ್‌ನಲ್ಲಿ 263 ಜನ ಸತ್ತರು. ಜನ ಒಳಗೆ ಕೆಲಸ ಮಾಡುತ್ತಿರುವಾಗಲೇ ಯಾರೋ ಮದ್ದು ಹಾರಿಸಿದ್ದರು, ಅದು ಧೂಳಿಗೆ ಹತ್ತಿಕೊಂಡಿತ್ತು. ಎಲ್ಲರೂ ಹೊರಗೆ ಹೋದ ಮೇಲೆ ಮಾತ್ರ ಸಿಡಿಸಬೇಕು ಎಂಬ ನಿಯಮವನ್ನೇ ಮುರಿದಿದ್ದರು.

ಹೊಸ ಇಲಾಖೆಗೆ ಗಣಿಯೊಳಗೆ ಕಾಲಿಡುವ ಅಧಿಕಾರವೇ ಇರಲಿಲ್ಲ. ಪರೀಕ್ಷಿಸಬಹುದಿತ್ತು, ಹೇಳಬಹುದಿತ್ತು, ಕಲಿಸಬಹುದಿತ್ತು. ಬಳಸಲೇಬೇಕು ಎನ್ನಲು ಆಗುತ್ತಿರಲಿಲ್ಲ. ಕೇಂದ್ರ ಸರ್ಕಾರದ ಇನ್‌ಸ್ಪೆಕ್ಟರುಗಳಿಗೆ ಗಣಿ ಪ್ರವೇಶದ ಹಕ್ಕು ಸಿಕ್ಕಿದ್ದು 1941ರಲ್ಲಿ. ಅಷ್ಟು ವರ್ಷ ಕಾಯಬೇಕಾಯಿತು ಎಂಬುದನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಒಳ್ಳೆಯ ಪರೀಕ್ಷೆ ಕೈಯಲ್ಲಿತ್ತು, ಅದನ್ನು ಜಾರಿ ಮಾಡುವ ಕೈ ಮಾತ್ರ ಇರಲಿಲ್ಲ.

ಬ್ರೂಸ್ಟನ್‌ನ ಪ್ರಯೋಗಗಳಿಂದ ಬೇರೆ ಒಂದು ರಕ್ಷಣೆ ಬೆಳೆಯಿತು. ಸುಣ್ಣದ ಕಲ್ಲಿನ ಪುಡಿಯನ್ನು ಗಣಿಯ ದಾರಿಗಳಲ್ಲಿ ಎರಚಿದರೆ ಅದು ಕಲ್ಲಿದ್ದಲು ಧೂಳಿನ ಜೊತೆ ಬೆರೆತು, ಬೆಂಕಿ ಬಂದಾಗ ಶಾಖವನ್ನು ನುಂಗುತ್ತದೆ. ಮದ್ದು ಎಷ್ಟೇ ಒಳ್ಳೆಯದಾದರೂ ಒಂದಲ್ಲ ಒಂದು ದಿನ ಎಲ್ಲೋ ಹೊತ್ತಿಕೊಳ್ಳುತ್ತದೆ ಎಂದು ಒಪ್ಪಿಕೊಂಡವರ ಯೋಚನೆ ಇದು.

ಪರೀಕ್ಷೆ ರೂಪಿಸುವವರಿಗೆ ಇಲ್ಲಿ ಸಿಗುವುದು

10 ಸಲ ಹಾರಿಸಿ ಒಂದು ಸಲವೂ ಹೊತ್ತಿಕೊಳ್ಳದಿದ್ದರೆ ಪಾಸು ಎಂಬ ನಿಯಮವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಮದ್ದು ನಿಜವಾಗಿ 100 ಸಲಕ್ಕೆ 10 ಸಲ ಹೊತ್ತಿಸುವಂಥದ್ದು ಎಂದುಕೊಳ್ಳಿ. ಅದು 10 ಸಲವೂ ಹೊತ್ತಿಸದೆ ಪಾಸಾಗುವ ಸಾಧ್ಯತೆ 100ಕ್ಕೆ ಸುಮಾರು 35. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ! 100ಕ್ಕೆ 30 ಸಲ ಹೊತ್ತಿಸುವ ಕೆಟ್ಟ ಮದ್ದಾದರೆ ಮಾತ್ರ ಪಾಸಾಗುವ ಸಾಧ್ಯತೆ 3ರಷ್ಟಕ್ಕೆ ಇಳಿಯುತ್ತದೆ. ಅಂದರೆ ಈ ಪರೀಕ್ಷೆ ಕೆಟ್ಟದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಅಷ್ಟಕ್ಕಷ್ಟೇ ಇರುವುದನ್ನು ಹಿಡಿಯುವುದಿಲ್ಲ. ಸಾವಿರಾರು ತೂತುಗಳಿಗೆ ಮದ್ದು ಹಾಕುವ ಒಂದು ಗಣಿಗೆ ಈ ವ್ಯತ್ಯಾಸ ದೊಡ್ಡದು. ಮೂರು ಬೇರೆ ಬೇರೆ ಪರೀಕ್ಷೆ ಇಟ್ಟದ್ದು, ಅವುಗಳಲ್ಲಿ ಒಂದನ್ನು ಬೇಕೆಂದೇ ಕಠಿಣ ಮಾಡಿದ್ದು ಈ ಕೊರತೆಯನ್ನು ಸ್ವಲ್ಪ ತುಂಬಿತು. ನಿಜವಾದ ಬಳಕೆಗಿಂತ ಕಠಿಣವಾದ ಸ್ಥಿತಿಯಲ್ಲಿ ಪಾಸಾದರೆ, ಸಾಮಾನ್ಯ ಸ್ಥಿತಿಯಲ್ಲಿ ಅಪಾಯ ಇನ್ನೂ ಕಡಿಮೆ ಎಂದು ನಂಬಬಹುದು.

ಮುಂದೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ಇದೇ ಬ್ರೂಸ್ಟನ್‌ನಲ್ಲಿದ್ದ ಸಿಡಿಮದ್ದು ಪ್ರಯೋಗಾಲಯದಲ್ಲಿ ಪ್ರಶ್ನೆಯನ್ನೇ ಬದಲಿಸುವ ಒಂದು ವಿಧಾನ ಬೆಳೆಯಿತು. ಸಿಡಿಯಿತೇ ಇಲ್ಲವೇ ಎಂದು ಕೇಳುವ ಬದಲು, ಯಾವ ಹಂತದಲ್ಲಿ ಅರ್ಧ ಸಲ ಸಿಡಿಯುತ್ತದೆ ಎಂದು ಕೇಳುವುದು. ಒಂದು ಸಲ ಸಿಡಿದರೆ ಮುಂದಿನ ಸಲ ಒಂದು ಮೆಟ್ಟಿಲು ಇಳಿಸು, ಸಿಡಿಯದಿದ್ದರೆ ಒಂದು ಮೆಟ್ಟಿಲು ಏರಿಸು. ಹೀಗೆ ಮೇಲೆ ಕೆಳಗೆ ಹೋಗುತ್ತಾ ಕಡಿಮೆ ಪ್ರಯೋಗಗಳಲ್ಲೇ ಗಡಿ ಎಲ್ಲಿದೆ ಎಂದು ಸಿಗುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಆ ಊರಿನ ಹೆಸರೇ ನಿಂತಿದೆ. ಪಾಸು ಫೇಲು ಎಂಬ ಉತ್ತರದಲ್ಲಿ ಎರಡು ಪಾಸಾದ ಮದ್ದುಗಳ ನಡುವಿನ ವ್ಯತ್ಯಾಸ ಕಾಣುವುದಿಲ್ಲ. ಇದರಲ್ಲಿ ಕಾಣುತ್ತದೆ.

ಭಾರತದ ಕಲ್ಲಿದ್ದಲು ಗಣಿಗಳಿಗೂ ಈ ಪದ್ಧತಿ ಬಂದಿದೆ, ಬಂದದ್ದು ಬ್ರಿಟಿಷ್ ದಾರಿಯಿಂದ. ಇಲ್ಲಿ ಅನುಮತಿ ಪಡೆದ ಮದ್ದುಗಳನ್ನು ಪಿ1, ಪಿ3, ಪಿ5 ಎಂಬ ವರ್ಗಗಳಾಗಿ ಮಾಡಿದ್ದಾರೆ. ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯ ಇರುವುದು ಧನಬಾದ್‌ನಲ್ಲಿ. ಗಣಿಯಲ್ಲಿ ಅನಿಲ ಎಷ್ಟು, ಬುಡ ಕಡಿದಿದೆಯೋ ಇಲ್ಲವೋ ಎಂಬುದರ ಮೇಲೆ ಯಾವ ವರ್ಗ ಬಳಸಬೇಕು ಎಂಬುದು ನಿಂತಿದೆ. ಇದರಲ್ಲಿ ಪಿ5 ಇರುವುದು ಬುಡ ಕಡಿಯದೆ ನೇರ ಗೋಡೆಗೆ ಮದ್ದು ಹಾಕುವ ಸಾಲಿಡ್ ಬ್ಲಾಸ್ಟಿಂಗ್‌ಗೆ. ಪಿಟ್ಸ್‌ಬರ್ಗ್‌ನವರು ಬೇಡ, ಬೇಡ ಎಂದು ಗಣಿಯಿಂದ ಗಣಿಗೆ ಹೋಗಿ ಹೇಳುತ್ತಿದ್ದ ಅದೇ ಪದ್ಧತಿ. ಗಣಿಗಳು ಅದನ್ನು ಬಿಡಲಿಲ್ಲ. ಹಾಗಾಗಿ ಅದಕ್ಕೆಂದೇ ಇನ್ನೂ ಕಠಿಣ ಪರೀಕ್ಷೆ ಇಟ್ಟು, ಅದರಲ್ಲಿ ನಿಂತ ಮದ್ದನ್ನು ಮಾತ್ರ ಅಲ್ಲಿಗೆ ಬಿಡುತ್ತಾರೆ.